ಹದಿನಾರು ತುಂಬಿದ ದಿನ

1967ರ ಏಪ್ರಿಲ್ 26. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್ ಬಯಲಿನಲ್ಲಿ ಒಬ್ಬ ಗಂಡಸು ತನ್ನನ್ನು ಬೆಂಕಿಗೆ ಒಪ್ಪಿಸಿಕೊಂಡ. ಯಾರು, ಎಲ್ಲಿಯವನು ಎಂದು ಹೇಳುವಂಥದ್ದು ಏನೂ ಉಳಿದಿರಲಿಲ್ಲ. ಹತ್ತಿರ ಸಿಕ್ಕ ಹರಿದ ಪೋಸ್ಟ್‌ಕಾರ್ಡೊಂದರಲ್ಲಿ ಎರಡು ಹೆಸರು ಮಾತ್ರ ಓದಲು ಬರುತ್ತಿದ್ದವು: ಸ್ಕೆಫಿಂಗ್ಟನ್, ಡಬ್ಲಿನ್. ಆ ಎಳೆ ಹಿಡಿದು ಹೋದ ಪೊಲೀಸರು ಐರ್ಲೆಂಡಿನ ಸೆನೆಟ್ ಸದಸ್ಯ ಓವೆನ್ ಶೀಹಿ ಸ್ಕೆಫಿಂಗ್ಟನ್ ಅವರನ್ನು ತಲುಪುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ವರ್ಷ ಕಳೆದಿತ್ತು. ಸತ್ತವನು ಪೀಟರ್ ಟೈರಲ್ ಎಂದು ಆಗ ಗೊತ್ತಾಯಿತು. ಕಸುಬಿನಲ್ಲಿ ದರ್ಜಿ. ಹಿಂದೆ ಬ್ರಿಟಿಷ್ ಸೈನ್ಯದಲ್ಲಿದ್ದವನು. ಅಲ್ಲಿಯವರೆಗೆ ಆತ ಹೆಸರಿಲ್ಲದ ಶವವಾಗಿಯೇ ಉಳಿದಿದ್ದ.

ಪೀಟರ್ 1916ರಲ್ಲಿ ಗಾಲ್ವೇ ಜಿಲ್ಲೆಯ ಬಡ ರೈತನ ಮನೆಯಲ್ಲಿ ಹುಟ್ಟಿದವನು. ಮನೆ ತುಂಬ ಮಕ್ಕಳು, ಒಲೆ ಉರಿಯದ ದಿನಗಳೇ ಹೆಚ್ಚು. 1924ರ ಜನವರಿಯಲ್ಲಿ ಅವನನ್ನೂ ಅವನ ಅಣ್ಣತಮ್ಮಂದಿರನ್ನೂ ಸರ್ಕಾರದ ಕಡೆಯವರು ಕರೆದೊಯ್ದು ಕಾನಮಾರಾದ ಗುಡ್ಡಗಳ ನಡುವಿನ ಲೆಟರ್‌ಫ್ರಾಕ್ ಎಂಬಲ್ಲಿ ಸೇರಿಸಿದರು. ಅದು ಸೇಂಟ್ ಜೋಸೆಫ್ ಇಂಡಸ್ಟ್ರಿಯಲ್ ಸ್ಕೂಲ್, ನಡೆಸುತ್ತಿದ್ದವರು ಕ್ರಿಶ್ಚಿಯನ್ ಬ್ರದರ್ಸ್ ಎಂಬ ಕ್ಯಾಥೊಲಿಕ್ ಸಂಘದವರು. ಎಂಟು ವರ್ಷ ಅಲ್ಲಿದ್ದು, ಹದಿನಾರು ತುಂಬಿದಾಗ ಹೊರಬಿದ್ದ. ಲೆಟರ್‌ಫ್ರಾಕ್ ಅವನಿಂದ ತೆಗೆದುಕೊಂಡದ್ದು ಎಂಟು ವರ್ಷ ಎಂದು ಲೆಕ್ಕದ ಪುಸ್ತಕ ಹೇಳುತ್ತದೆ. ಉಳಿದ ಮೂವತ್ತೈದು ವರ್ಷಗಳನ್ನೂ ಅದೇ ತೆಗೆದುಕೊಂಡಿತು ಎಂದು ಅವನ ಬದುಕು ಹೇಳುತ್ತದೆ.

ಈ ಶಾಲೆಗಳ ಬಗ್ಗೆ ಬರೆದವರೆಲ್ಲ ಹೆಚ್ಚಾಗಿ ಗೋಡೆಯೊಳಗಿನ ಕಥೆಯನ್ನೇ ಬರೆದಿದ್ದಾರೆ. ಬರೆಯಲೇಬೇಕಾದ ಕಥೆ ಅದು. ಆದರೆ ಗೇಟು ದಾಟಿ ಬಂದ ಮೇಲಿನ ಕಾಲ ಅದಕ್ಕಿಂತ ಬಹಳ ಉದ್ದ. ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಗೇಟಿನ ಹೊರಗೆ.

ನಮ್ಮ ಕಡೆ ಕಾನ್ವೆಂಟ್ ಎಂದರೆ ಇಂಗ್ಲಿಷ್ ಕಲಿಸುವ ಒಳ್ಳೆಯ ಶಾಲೆ, ಮಕ್ಕಳಿಗೆ ಸೀಟು ಸಿಗಲೆಂದು ಹಂಬಲಿಸುವ ಜಾಗ. ಐರ್ಲೆಂಡಿನ ಬಡವರ ಕೇರಿಗಳಲ್ಲಿ ಲೆಟರ್‌ಫ್ರಾಕ್, ಆರ್ಟೇನ್ ಎಂಬ ಶಾಲೆಗಳ ಹೆಸರುಗಳು ಹಟಮಾರಿ ಮಕ್ಕಳನ್ನು ಹೆದರಿಸಲು ಬಳಕೆಯಾಗುತ್ತಿದ್ದವು. ನಮ್ಮಲ್ಲಿ ಗುಮ್ಮ ಬಂದ ಎಂದ ಹಾಗೆ.

ವ್ಯವಸ್ಥೆಯ ಬೇರು ಬ್ರಿಟಿಷರ ಕಾಲದ್ದು. 1840ರ ದಶಕದ ಆಲೂಗಡ್ಡೆ ಕ್ಷಾಮ ಊರೂರುಗಳನ್ನು ಬರಿದು ಮಾಡಿ ಹೋಗಿತ್ತು. ತಬ್ಬಲಿ ಮಕ್ಕಳು ಬೀದಿಯಲ್ಲಿದ್ದರು. 1868ರ ಕಾಯಿದೆ ಐರ್ಲೆಂಡಿಗೆ ಇಂಡಸ್ಟ್ರಿಯಲ್ ಸ್ಕೂಲುಗಳನ್ನು ತಂದಿತು. ತಪ್ಪು ಮಾಡಿದ ಮಕ್ಕಳಿಗೆ ರಿಫಾರ್ಮೇಟರಿ ಇದ್ದವು. ಇವು ತಪ್ಪು ಮಾಡದ, ಬಡವರಾಗಿದ್ದ ಮಕ್ಕಳಿಗೆ. ಒಂದು ಕಸುಬು ಕಲಿಸಿ, ದೇವರ ಭಯ ಕಲಿಸಿ, ದುಡಿದು ತಿನ್ನುವವರನ್ನಾಗಿ ಮಾಡುವುದು ಉದ್ದೇಶ. ಪ್ರೊಟೆಸ್ಟೆಂಟರ ಕೈಗೆ ಸಿಕ್ಕರೆ ಮಕ್ಕಳ ಮತವೇ ಹೋದೀತೆಂಬ ಆತಂಕ ಕ್ಯಾಥೊಲಿಕ್ ಬಿಷಪ್ಪರಿಗಿತ್ತು. ಹಾಗಾಗಿ ನಡೆಸುವ ಹೊಣೆಯನ್ನು ಸಂಘಗಳು ಹೊತ್ತುಕೊಂಡವು. ಗಂಡುಮಕ್ಕಳದ್ದು ಬಹುಪಾಲು ಕ್ರಿಶ್ಚಿಯನ್ ಬ್ರದರ್ಸ್ ಪಾಲಿಗೆ, ಹೆಣ್ಣುಮಕ್ಕಳದ್ದು ಹೆಚ್ಚಾಗಿ ಸಿಸ್ಟರ್ಸ್ ಆಫ್ ಮರ್ಸಿ ಪಾಲಿಗೆ ಬಂತು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಇಂಥ 71 ಶಾಲೆಗಳು, ಅವುಗಳಲ್ಲಿ ಸುಮಾರು 8,000 ಮಕ್ಕಳು.

ಬ್ರಿಟನ್ ಕಾಲಕ್ರಮೇಣ ಈ ದಾರಿ ಬಿಟ್ಟಿತು. ಮಕ್ಕಳನ್ನು ಸಾಕುಮನೆಗಳಿಗೆ ಕೊಡುವ, ಚಿಕ್ಕ ಚಿಕ್ಕ ಗುಂಪುಗಳಲ್ಲಿ ಇಡುವ ಪದ್ಧತಿಗೆ ತಿರುಗಿತು. 1922ರಲ್ಲಿ ಸ್ವತಂತ್ರವಾದ ಐರ್ಲೆಂಡ್ ಮಾತ್ರ ಇದನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು. 1908ರ ಮಕ್ಕಳ ಕಾಯಿದೆ 1990ರ ದಶಕದವರೆಗೂ ಅಲ್ಲಿ ಬಹುಮಟ್ಟಿಗೆ ನಡೆಯಿತು. ಹೊಸ ರಾಷ್ಟ್ರದ ಬಳಿ ಹಣವಿರಲಿಲ್ಲ, ಚರ್ಚಿನ ಬಳಿ ಕಟ್ಟಡಗಳಿದ್ದವು, ಜನರಿದ್ದರು, ಎದುರು ಮಾತಾಡಲಾಗದ ಗೌರವವಿತ್ತು.

ಹಣದ ಏರ್ಪಾಡನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದ ಹುಟ್ಟಿತು. ಸರ್ಕಾರವೂ ಸ್ಥಳೀಯ ಸಂಸ್ಥೆಗಳೂ ಶಾಲೆಗೆ ಕೊಡುತ್ತಿದ್ದದ್ದು ತಲೆಲೆಕ್ಕದಲ್ಲಿ. ಇಷ್ಟು ಮಕ್ಕಳಿದ್ದರೆ ಇಷ್ಟು ಹಣ. ಹಾಸಿಗೆ ಖಾಲಿ ಬಿದ್ದರೆ ಆದಾಯಕ್ಕೆ ಕತ್ತರಿ. ಬಡ ತಾಯಿಗೆ ಅದೇ ಹಣವನ್ನು ಕೊಟ್ಟಿದ್ದರೆ ಮಗು ಮನೆಯಲ್ಲೇ ಬೆಳೆಯುತ್ತಿತ್ತು. ಆ ಪ್ರಶ್ನೆಯನ್ನು ಆಗ ಕೇಳಿದವರು ತೀರ ಕಡಿಮೆ. ಕೇಳಿದವರಿಗೆ ಉತ್ತರ ಸಿಗಲಿಲ್ಲ.

ಈ ಶಾಲೆಗಳನ್ನು ಜನ ಅನಾಥಾಲಯ ಎಂದೇ ಕರೆಯುತ್ತಿದ್ದರು, ಆದರೆ ತಂದೆತಾಯಿ ಇಬ್ಬರೂ ಇಲ್ಲದ ಮಕ್ಕಳು ಅಲ್ಲಿ ಕೆಲವರೇ. ಹೆಚ್ಚಿನವರಿಗೆ ತಾಯಿಯೋ ತಂದೆಯೋ, ಎಷ್ಟೋ ಸಲ ಇಬ್ಬರೂ ಬದುಕಿದ್ದರು. ಅಪ್ಪ ಸತ್ತಿರುತ್ತಿದ್ದ, ಇಲ್ಲವೇ ಇಂಗ್ಲೆಂಡಿಗೆ ಹೋದವನು ಹಣ ಕಳಿಸುವುದನ್ನು ನಿಲ್ಲಿಸಿರುತ್ತಿದ್ದ. ಅಮ್ಮ ಕ್ಷಯ ಹಿಡಿದು ಮಲಗಿರುತ್ತಿದ್ದಳು. ಮದುವೆಯಿಲ್ಲದೆ ಹೆತ್ತವಳಾದರೆ ಮಗುವಿನ ಮೇಲೆ ಅವಳ ಹಕ್ಕನ್ನು ಊರೇ ಒಪ್ಪುತ್ತಿರಲಿಲ್ಲ. ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಸಂಘದ ಇನ್‌ಸ್ಪೆಕ್ಟರ್ ಮನೆ ಬಾಗಿಲಿಗೆ ಬರುತ್ತಿದ್ದ. ಜನರ ಬಾಯಲ್ಲಿ ಅವನ ಹೆಸರೇ ‘ಕ್ರೂಯೆಲ್ಟಿ ಮ್ಯಾನ್’. ಅಲ್ಲಿಂದ ನೇರ ಕೋರ್ಟು. ಪೋಷಣೆಯಿಲ್ಲ ಎಂದೋ, ಶಾಲೆ ತಪ್ಪಿಸುತ್ತಾನೆ ಎಂದೋ ಮ್ಯಾಜಿಸ್ಟ್ರೇಟರು ಆದೇಶ ಬರೆಯುತ್ತಿದ್ದರು: ಹದಿನಾರು ತುಂಬುವವರೆಗೆ. 1951ರಲ್ಲಿ ಹುಟ್ಟಿದ ಪ್ಯಾಡಿ ಡಾಯ್ಲ್ ಎಂಬ ಹುಡುಗನಿಗೆ ನಾಲ್ಕನೆಯ ವಯಸ್ಸಿನಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು; ಕೋರ್ಟು ಅವನನ್ನು ಹನ್ನೊಂದು ವರ್ಷಕ್ಕೆ ಕ್ಯಾಪೊಕ್ವಿನ್‌ನ ಶಾಲೆಗೆ ಕಳಿಸಿತು. ನಾಲ್ಕು ವರ್ಷದ ಮಗುವಿಗೆ ಹನ್ನೊಂದು ವರ್ಷ. ಮುಂದೆ 1988ರಲ್ಲಿ ‘ದಿ ಗಾಡ್ ಸ್ಕ್ವಾಡ್’ ಎಂಬ ಆತ್ಮಕಥೆ ಬರೆದು ಈ ಲೋಕವನ್ನು ತೆರೆದಿಟ್ಟ ಮೊದಲಿಗರಲ್ಲಿ ಅವರೊಬ್ಬರು.

ಒಳಗೆ ಹೋದ ಮಕ್ಕಳಿಗೆ ಮೊದಲು ಹೋಗುತ್ತಿದ್ದದ್ದು ಒಡಹುಟ್ಟಿದವರು. ಅಕ್ಕ ಒಂದು ಶಾಲೆಗೆ, ತಮ್ಮ ಇನ್ನೊಂದಕ್ಕೆ. ಸಿಸ್ಟರುಗಳ ಬಳಿ ಬೆಳೆಯುತ್ತಿದ್ದ ಪುಟ್ಟ ಹುಡುಗರನ್ನು ಹತ್ತು ವರ್ಷವಾಗುತ್ತಿದ್ದಂತೆ ಬ್ರದರುಗಳ ಶಾಲೆಗೆ ಸಾಗಿಸುತ್ತಿದ್ದರು; ಇದ್ದೊಂದು ಪರಿಚಿತ ಮುಖವೂ ಹೀಗೆ ಕಳೆದುಹೋಗುತ್ತಿತ್ತು. ಎಷ್ಟೋ ಕಡೆ ಹೆಸರಿನ ಬದಲು ನಂಬರು. ಡಬ್ಲಿನ್ನಿನ ಆರ್ಟೇನ್ ಶಾಲೆಯಲ್ಲಿ ಒಂದೇ ಕಾಲಕ್ಕೆ 800ಕ್ಕೂ ಹೆಚ್ಚು ಹುಡುಗರಿದ್ದರು. ಅವರ ಬ್ಯಾಂಡು ಕ್ರೋಕ್ ಪಾರ್ಕ್ ಮೈದಾನದಲ್ಲಿ ದೊಡ್ಡ ಪಂದ್ಯಗಳ ದಿನ ನುಡಿಸುತ್ತ ಸಾಗುವಾಗ ಸಾವಿರಾರು ಜನ ಚಪ್ಪಾಳೆ ತಟ್ಟುತ್ತಿದ್ದರು. ದೇಶಕ್ಕೆ ಈ ಮಕ್ಕಳು ಕಾಣುತ್ತಿರಲಿಲ್ಲ ಎನ್ನುವ ಮಾತನ್ನು ನಾನು ಒಪ್ಪಲಾರೆ. ಇಸ್ತ್ರಿ ಹಾಕಿದ ಸಮವಸ್ತ್ರದಲ್ಲಿ ಅವರು ಎಲ್ಲರ ಕಣ್ಣೆದುರೇ ನಡೆದುಹೋಗುತ್ತಿದ್ದರು.

ಗೋಲ್ಡನ್‌ಬ್ರಿಜ್ ಡಬ್ಲಿನ್ನಿನ ಇನ್ನೊಂದು ತುದಿಯಲ್ಲಿತ್ತು, ಹೆಣ್ಣುಮಕ್ಕಳ ಶಾಲೆ. ಅಲ್ಲಿ 1950ರ ದಶಕದಿಂದ 1960ರ ದಶಕದ ಮೊದಲ ವರ್ಷಗಳವರೆಗೆ ಮಕ್ಕಳು ಜಪಸರ ಕಟ್ಟುತ್ತಿದ್ದರು. ಪಾಠ ಮುಗಿದ ಮೇಲೆ ಬೆಂಚಿನಲ್ಲಿ ಸಾಲಾಗಿ ಕೂತು, ತಂತಿಯನ್ನು ಇಕ್ಕಳದಿಂದ ತಿರುಚಿ, ಮಣಿ ಪೋಣಿಸಿ, ಮತ್ತೆ ತಿರುಚಿ. ಹತ್ತು ಮಣಿಗಳ ಸಾಲು ಒಂದು ಲೆಕ್ಕ. ದಿನಕ್ಕೆ ಅಂಥ 60 ಸಾಲು, ಶನಿವಾರ 90. ತಂತಿ ಬೆರಳಿಗೆ ಕೊರೆಯುತ್ತಿತ್ತು, ಲೆಕ್ಕ ಕಡಿಮೆ ಬಿದ್ದರೆ ಏಟು. ಅಲ್ಲಿಂದ ಹೊರಟ ಸರಗಳು ಭಕ್ತರ ಕೈಸೇರುತ್ತಿದ್ದವು. ‘ನಮೋ ಮರಿಯಾ’ ಎನ್ನುತ್ತ ಆ ಮಣಿಗಳನ್ನು ಎಣಿಸಿದ ತಾಯಂದಿರಿಗೆ ಅವನ್ನು ಕಟ್ಟಿದ ಬೆರಳುಗಳ ಗಾತ್ರ ಎಷ್ಟೆಂದು ತಿಳಿದಿರಲಿಕ್ಕಿಲ್ಲ.

ಎಚ್ಚರಿಕೆಯ ಗಂಟೆಗಳು ಮೊಳಗದೆ ಇರಲಿಲ್ಲ. ಮೊದಲನೆಯದು 1943ರ ಫೆಬ್ರವರಿ 23ರ ರಾತ್ರಿ, ಕ್ಯಾವನ್ ಪಟ್ಟಣದಲ್ಲಿ. ಹೊರಜಗತ್ತಿನ ಸಂಪರ್ಕ ತೊರೆದ ಪೂರ್ ಕ್ಲೇರ್ ಸನ್ಯಾಸಿನಿಯರು ನಡೆಸುತ್ತಿದ್ದ ಅನಾಥಾಲಯದ ಲಾಂಡ್ರಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಮೇಲಿನ ಮಹಡಿಯಲ್ಲಿ ಮಲಗಿದ್ದ ಹುಡುಗಿಯರಿಗೆ ಇಳಿಯುವ ದಾರಿ ಹೊಗೆಯಿಂದ ಮುಚ್ಚಿಹೋಯಿತು. ಪಟ್ಟಣದ ಜನ ಓಡಿಬಂದರು. ಸಾಕಷ್ಟು ಎತ್ತರದ ಏಣಿ ಸಿಗಲಿಲ್ಲ. 35 ಹುಡುಗಿಯರು, ಅಡುಗೆ ಮಾಡುತ್ತಿದ್ದ ಒಬ್ಬ ಮುದುಕಿ ಸತ್ತರು. ಉಳಿದ ಅವಶೇಷಗಳನ್ನು ಎಂಟು ಶವಪೆಟ್ಟಿಗೆಗಳಲ್ಲಿ ತುಂಬಿ ಒಂದೇ ಗುಂಡಿಯಲ್ಲಿ ಹೂಳಿದರು. ರಾತ್ರಿಯುಡುಪಿನಲ್ಲಿದ್ದ ಹುಡುಗಿಯರನ್ನು ಪರಗಂಡಸರು ಕಾಣಬಾರದೆಂದು ಬಾಗಿಲು ತೆರೆಯಲು ತಡಮಾಡಿದರು ಎಂಬ ಮಾತು ಆ ಊರಲ್ಲಿ ಇಂದಿಗೂ ಇದೆ. ವಿಚಾರಣಾ ಸಮಿತಿ ಅದನ್ನು ಎತ್ತಿಹಿಡಿಯಲಿಲ್ಲ, ಸನ್ಯಾಸಿನಿಯರನ್ನು ದೂರಲೂ ಇಲ್ಲ.

ಅದೇ ಸುಮಾರಿಗೆ ಶಿಕ್ಷಣ ಇಲಾಖೆಯ ವೈದ್ಯಾಧಿಕಾರಿ ಡಾ. ಆನಾ ಮೆಕೇಬ್ ಶಾಲೆಯಿಂದ ಶಾಲೆಗೆ ಸುತ್ತಿ, ಮಕ್ಕಳ ತೂಕ ಇರಬೇಕಾದಷ್ಟಿಲ್ಲ, ಊಟ ಸಾಲುತ್ತಿಲ್ಲ ಎಂದು ಕಡತಗಳಲ್ಲಿ ಬರೆಯುತ್ತಿದ್ದರು. ಅವು ಕಡತಗಳಲ್ಲೇ ಉಳಿದವು.

ನಿಜವಾಗಿ ದಾರಿ ತಿರುಗಬಹುದಾಗಿದ್ದ ಗಳಿಗೆ ಬಂದದ್ದು 1946ರಲ್ಲಿ. ಅಮೆರಿಕದ ನೆಬ್ರಾಸ್ಕಾದಲ್ಲಿ ‘ಬಾಯ್ಸ್ ಟೌನ್’ ಕಟ್ಟಿದ ಫಾದರ್ ಎಡ್ವರ್ಡ್ ಫ್ಲಾನಗನ್ ತವರಿಗೆ ಬಂದರು. ಅವರ ಕೆಲಸದ ಮೇಲೆ ಹಾಲಿವುಡ್ ಸಿನಿಮಾ ಬಂದಿತ್ತು. ಐರಿಶ್ ಜನರಿಗೆ ಅವರು ಮನೆಮಗ, ಹೆಮ್ಮೆ. ಕಾರ್ಕ್ ನಗರದ ಸಭೆಯಲ್ಲಿ ಅವರು ನೆರೆದವರಿಗೆ ನೇರವಾಗಿಯೇ ಹೇಳಿದರು: ಮಕ್ಕಳನ್ನು ನೀವು ನಡೆಸಿಕೊಳ್ಳುವ ರೀತಿ ದೇಶಕ್ಕೆ ಕಳಂಕ, ಅದನ್ನು ನಿಲ್ಲಿಸುವ ಶಕ್ತಿ ನಿಮ್ಮದೇ ಕೈಯಲ್ಲಿದೆ. ಹೇಳಿದವನು ಪಾದ್ರಿ, ಕ್ಯಾಥೊಲಿಕ್ಕರಲ್ಲೇ ಅತ್ಯಂತ ಮೆಚ್ಚಿನವನು. ಆದರೂ ನ್ಯಾಯಾಂಗ ಸಚಿವ ಜೆರಾಲ್ಡ್ ಬೋಲಂಡ್ ಸಂಸತ್ತಿನಲ್ಲಿ ಅದನ್ನು ಅತಿರೇಕದ ಮಾತೆಂದು ತಳ್ಳಿಹಾಕಿದರು. ಮತ್ತೆ ಬಂದು ಈ ಕೆಲಸ ಮುಂದುವರಿಸುವ ಆಸೆ ಫ್ಲಾನಗನ್ನರಿಗಿತ್ತು. 1948ರ ಮೇ ತಿಂಗಳಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಒಳಗಿದ್ದ ಸಾವಿರಾರು ಮಕ್ಕಳಿಗೆ ಇನ್ನೂ ಎರಡು ದಶಕ ಯಾರೂ ಬರಲಿಲ್ಲ.

ಈಗ ಆ ಗೇಟಿಗೆ ಬರೋಣ.

ಹದಿನಾರನೆಯ ಹುಟ್ಟುಹಬ್ಬ ಎಂದರೆ ತಲೆಲೆಕ್ಕದ ಹಣ ನಿಲ್ಲುವ ದಿನ. ಆ ಬೆಳಿಗ್ಗೆ ಹುಡುಗನಿಗೆ ಒಂದು ಜೊತೆ ಬಟ್ಟೆ, ಒಂದು ಚಿಕ್ಕ ಪೆಟ್ಟಿಗೆ, ರೈಲಿನ ಟಿಕೆಟ್ಟು. ಎಷ್ಟೋ ಮಕ್ಕಳಿಗೆ ತಮಗೆ ಹದಿನಾರು ತುಂಬಿದೆ ಎಂದು ತಿಳಿದದ್ದೇ ಆ ದಿನ, ಏಕೆಂದರೆ ಹುಟ್ಟಿದ ದಿನ ಯಾವುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹುಡುಗರು ಹೆಚ್ಚಾಗಿ ದೂರದ ರೈತರ ಮನೆಗೆ ಆಳಾಗಿ ಹೋದರು. ಕೊಟ್ಟಿಗೆಯ ಅಟ್ಟದಲ್ಲಿ ಹಾಸಿಗೆ, ಸಂಬಳವೆಂದರೆ ಕೊಟ್ಟಷ್ಟು. ಬ್ಯಾಂಡಿನಲ್ಲಿದ್ದ ಕೆಲವರನ್ನು ಸೈನ್ಯದ ವಾದ್ಯವೃಂದ ತೆಗೆದುಕೊಂಡಿತು. ಹುಡುಗಿಯರು ಸಿರಿವಂತರ ಮನೆಗೆಲಸಕ್ಕೆ, ಆಸ್ಪತ್ರೆಯ ಅಡುಗೆಮನೆಗೆ, ಇಲ್ಲವೇ ಇನ್ನೊಂದು ಕಾನ್ವೆಂಟಿನ ನೆಲ ಒರೆಸಲು. ಕಲಿಸಿದ ಕಸುಬೂ ಕೈಹಿಡಿಯಲಿಲ್ಲ: ಕೈಯಲ್ಲಿ ಬೂಟು ಹೊಲಿಯುವುದನ್ನು ಕಲಿತವನು ಹೊರಗೆ ಬರುವಷ್ಟರಲ್ಲಿ ಬೂಟುಗಳು ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು.

ಅವರಿಗೆ ಗೊತ್ತಿಲ್ಲದೆ ಹೋದದ್ದು ಪಾಠ ಪುಸ್ತಕದ ವಿಷಯಗಳಲ್ಲ. ಅಂಗಡಿಗೆ ಹೋಗಿ ಸಾಮಾನು ಕೇಳುವುದು ಹೇಗೆ, ಚಿಲ್ಲರೆ ಎಣಿಸಿಕೊಳ್ಳುವುದು ಹೇಗೆ, ಬಸ್ಸಿನಲ್ಲಿ ಟಿಕೆಟ್ಟು ತೆಗೆದುಕೊಳ್ಳುವುದು ಹೇಗೆ? ಚಹಾಕ್ಕೆ ಎಷ್ಟು ಸೊಪ್ಪು ಹಾಕಬೇಕು? ನೂರಾರು ಮಕ್ಕಳಿಗೆ ಬೇಯಿಸುವ ಹಂಡೆಯನ್ನು ತಿಕ್ಕಿ ಬೆಳೆದ ಹುಡುಗಿಗೆ ಒಬ್ಬರಿಗೆ ಅಡುಗೆ ಮಾಡುವುದು ಬರುತ್ತಿರಲಿಲ್ಲ. ಬಾಗಿಲ ಮುಂದೆ ನಿಂತು, ಯಾರಾದರೂ ಒಳಗೆ ಹೋಗು ಎನ್ನಲಿ ಎಂದು ಕಾಯುತ್ತಿದ್ದವರಿದ್ದರು. ನಿನಗೆ ಏನು ಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸವೇ ಇರಲಿಲ್ಲ; ಹದಿನಾರು ವರ್ಷ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಬೆಳೆದ ಮಗು ಇವನ್ನೆಲ್ಲ ಯಾವಾಗ ಕಲಿಯಿತೆಂದು ತಾಯಿಗೂ ನೆನಪಿರುವುದಿಲ್ಲ. ಒಲೆಯ ಮುಂದೆ ಕೂತು, ಅಪ್ಪನ ಜೊತೆ ಸಂತೆಗೆ ಹೋಗಿ, ಜಗಳವಾಡಿ ಮತ್ತೆ ಒಂದಾಗಿ ಕಲಿಯುವ ವಿದ್ಯೆ ಅದು. ಅದಕ್ಕೆ ಪಠ್ಯವಿಲ್ಲ.

ಬಹಳ ಜನ ಹಡಗು ಹತ್ತಿದರು. 1950ರ ದಶಕದಲ್ಲಿ ಐರ್ಲೆಂಡ್ ಬಿಟ್ಟವರು ಸುಮಾರು 4 ಲಕ್ಷ. ಆ ಗುಂಪಿನಲ್ಲಿ ಇವರು ಸುಲಭವಾಗಿ ಸೇರಿಹೋದರು. ಇಂಗ್ಲೆಂಡಿನಲ್ಲಿ ನಿನ್ನ ಅಪ್ಪ ಯಾರು, ಯಾವ ಊರು, ಯಾವ ಚರ್ಚು ಎಂದು ಕೇಳುವವರಿರಲಿಲ್ಲ. ಕಟ್ಟಡ ಕೆಲಸ, ಆಸ್ಪತ್ರೆ ಕೆಲಸ, ಹೋಟೆಲು ಕೆಲಸ. ಆದರೆ ಪಾಸ್‌ಪೋರ್ಟಿಗೋ ಮದುವೆಗೋ ಜನನಪತ್ರ ಬೇಕೆಂದಾಗ ಹಳೆಯದು ಎದುರು ಬಂದು ನಿಲ್ಲುತ್ತಿತ್ತು. ಕೆಲವರಿಗೆ ತಮ್ಮ ಹೆಸರೇ ಬೇರೆಯಿತ್ತೆಂದು ಆಗ ತಿಳಿಯಿತು. ಸತ್ತಿದ್ದಾಳೆಂದು ನಂಬಿಸಿದ್ದ ತಾಯಿ ಇನ್ನೂ ಬದುಕಿದ್ದಾಳೆಂದು ಕೆಲವರಿಗೆ. ತಮ್ಮದೇ ಶಾಲೆಯ ಬೇರೆ ಸಾಲಿನಲ್ಲಿ ಮಲಗುತ್ತಿದ್ದವಳು ಒಡಹುಟ್ಟಿದ ತಂಗಿಯೆಂದು ಕೆಲವರಿಗೆ. ಕೋರ್ಟಿನ ಆದೇಶ ಎಂಬ ಮಾತೇ ಅಪರಾಧಿ ಎಂಬ ಮುದ್ರೆಯಂತೆ ಕಾಡುತ್ತಿದ್ದುದರಿಂದ, ಕೈಹಿಡಿದ ಗಂಡನಿಗೂ ಹೆಂಡತಿಗೂ ಹೇಳದೆ ನಲವತ್ತು ವರ್ಷ ಸಂಸಾರ ಮಾಡಿದವರಿದ್ದರು. ಅಳುವ ಮಗುವನ್ನು ಎತ್ತಿಕೊಳ್ಳಬೇಕೆನ್ನುವುದು ತಿಳಿದಿದ್ದರೂ ತೋಳು ಮುಂದೆ ಬರುತ್ತಿರಲಿಲ್ಲ ಎಂದು ಮುಂದೆ ಸರ್ಕಾರ ನೇಮಿಸಿದ ವಿಚಾರಣಾ ಆಯೋಗದ ಎದುರು ಕೂತ ತಾಯಂದಿರು, ತಂದೆಯರು ಹೇಳಿಕೊಂಡರು. ಅವರ ಮಕ್ಕಳು ಅಪ್ಪನ ಮೌನದಲ್ಲಿ, ಅಮ್ಮನ ಅತಿಯಾದ ಶಿಸ್ತಿನಲ್ಲಿ ಲೆಟರ್‌ಫ್ರಾಕನ್ನೋ ಗೋಲ್ಡನ್‌ಬ್ರಿಜನ್ನೋ ನೋಡದೆಯೇ ನೋಡಿದರು.

ಪೀಟರ್ ಟೈರಲ್ ಊರಿಗೆ ಹಿಂದಿರುಗಿದಾಗ ಅಲ್ಲಿ ಅವನು ಹೊರಗಿನವನಾಗಿದ್ದ. ಇಂಗ್ಲೆಂಡಿಗೆ ಹೋಗಿ ಸೈನ್ಯ ಸೇರಿದ. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ ಜರ್ಮನ್ನರ ಕೈಗೆ ಸೆರೆಸಿಕ್ಕ. ಆ ಯುದ್ಧಕೈದಿಗಳ ಶಿಬಿರ ಲೆಟರ್‌ಫ್ರಾಕಿಗೆ ಹೋಲಿಸಿದರೆ ಸ್ವರ್ಗದಂತಿತ್ತು ಎಂಬರ್ಥದಲ್ಲಿ ಆತ ಬರೆದಿಟ್ಟಿದ್ದಾನೆ. ಓದಿದಾಗ ಮೊದಲು ಅತಿಶಯೋಕ್ತಿ ಎನಿಸಿತ್ತು. ಪುಸ್ತಕ ಮುಗಿಸಿದ ಮೇಲೆ ಹಾಗೆನಿಸಲಿಲ್ಲ. ಶಿಬಿರದಲ್ಲಿ ಅವನಿಗೆ ಜೊತೆಗಾರರಿದ್ದರು, ತಾನು ಏಕೆ ಅಲ್ಲಿದ್ದೇನೆ ಎಂಬುದು ತಿಳಿದಿತ್ತು. ಯುದ್ಧ ಮುಗಿದ ಮೇಲೆ ಆತ ಪತ್ರ ಬರೆಯತೊಡಗಿದ: ಬ್ರದರುಗಳಿಗೆ, ಧರ್ಮಗುರುಗಳಿಗೆ, ರಾಜಕಾರಣಿಗಳಿಗೆ. ಕಿವಿಗೊಟ್ಟವರು ತೀರ ಕಡಿಮೆ; ಅವರಲ್ಲಿ ಸ್ಕೆಫಿಂಗ್ಟನ್ ಒಬ್ಬರು. ಶಾಲೆಗಳಲ್ಲಿ ಹೊಡೆಯುವುದನ್ನು ನಿಲ್ಲಿಸಬೇಕೆಂದು ಸೆನೆಟ್‌ನಲ್ಲಿ ಒಂಟಿಯಾಗಿ ವಾದಿಸುತ್ತಿದ್ದ ಅವರು, ಎಲ್ಲವನ್ನೂ ಬರೆದು ಕಳಿಸು ಎಂದರು. ಆತ ಬರೆದು ಕಳಿಸಿದ. ಆ ಹಾಳೆಗಳು ಸ್ಕೆಫಿಂಗ್ಟನ್ನರ ಕಾಗದಪತ್ರಗಳ ನಡುವೆ ದಶಕಗಳ ಕಾಲ ಉಳಿದು, 2006ರಲ್ಲಿ ‘ಫೌಂಡೆಡ್ ಆನ್ ಫಿಯರ್’ ಎಂಬ ಪುಸ್ತಕವಾಗಿ ಹೊರಬಂದವು.

ಟೈರಲ್ ಸತ್ತ ಮೂರು ವರ್ಷಕ್ಕೆ, 1970ರಲ್ಲಿ, ನ್ಯಾಯಾಧೀಶೆ ಐಲೀನ್ ಕೆನಡಿ ಅವರ ಸಮಿತಿ ಈ ವ್ಯವಸ್ಥೆಯನ್ನೇ ಕೈಬಿಡಬೇಕೆಂದು ಹೇಳಿತು. ಆರ್ಟೇನ್ ಆಗಲೇ 1969ರಲ್ಲಿ ಮುಚ್ಚಿತ್ತು. ಲೆಟರ್‌ಫ್ರಾಕ್ 1974ರಲ್ಲಿ ಮುಚ್ಚಿತು. ಸದ್ದಿಲ್ಲದೆ, ಯಾರೂ ತಪ್ಪೊಪ್ಪಿಕೊಳ್ಳದೆ ಬೀಗ ಬಿದ್ದವು.

ಮೌನ ಒಡೆದದ್ದು ಒಬ್ಬ ನರ್ಸ್‌ನಿಂದ. ಕ್ರಿಸ್ಟೀನ್ ಬಕ್ಲಿ 1946ರಲ್ಲಿ ಹುಟ್ಟಿದವರು. ತಂದೆ ನೈಜೀರಿಯಾದಿಂದ ಓದಲು ಬಂದಿದ್ದವರು, ತಾಯಿ ಐರಿಶ್. ಗೋಲ್ಡನ್‌ಬ್ರಿಜ್‌ನಲ್ಲಿ ಬೆಳೆದ ಅವರು ನಡುವಯಸ್ಸಿನಲ್ಲಿ ತಂದೆತಾಯಿಯನ್ನು ಹುಡುಕಿಕೊಂಡು ಹೊರಟರು, ಕಂಡರು ಕೂಡ. ಆ ಕಥೆಯನ್ನು ರೇಡಿಯೋದಲ್ಲಿ ಹೇಳಿಕೊಂಡರು. 1996ರ ಫೆಬ್ರವರಿಯಲ್ಲಿ ಲೂಯಿ ಲೆಂಟಿನ್ ನಿರ್ದೇಶನದ ‘ಡಿಯರ್ ಡಾಟರ್’ ಅದೇ ಬದುಕನ್ನು ಟೀವಿಗೆ ತಂದಿತು. ಮನೆಮನೆಗಳಲ್ಲಿ ಜನ ಬೆಚ್ಚಿದರು. ಸುಳ್ಳು ಎಂದವರೂ ಇದ್ದರು. 1999ರ ಏಪ್ರಿಲ್–ಮೇ ತಿಂಗಳಲ್ಲಿ ಮೇರಿ ರಾಫ್ಟರಿ ಮೂರು ಕಂತುಗಳ ‘ಸ್ಟೇಟ್ಸ್ ಆಫ್ ಫಿಯರ್’ ಪ್ರಸಾರ ಮಾಡಿದಾಗ ಸುಳ್ಳೆನ್ನಲು ದಾರಿ ಉಳಿಯಲಿಲ್ಲ, ಏಕೆಂದರೆ ಅವರು ಶಿಕ್ಷಣ ಇಲಾಖೆಯ ಸ್ವಂತ ಕಡತಗಳನ್ನೇ ಮುಂದಿಟ್ಟಿದ್ದರು. ಮೇ 11ರಂದು, ಕೊನೆಯ ಕಂತು ಬರುವ ದಿನವೇ, ಪ್ರಧಾನಿ ಬರ್ಟಿ ಅಹರ್ನ್ ದೇಶದ ಪರವಾಗಿ ಕ್ಷಮೆ ಕೇಳಿದರು.

ಮುಂದೆ ಈ ದೌರ್ಜನ್ಯಗಳ ವಿಚಾರಣೆಗೆ ಆಯೋಗ. ಮೊದಲ ಅಧ್ಯಕ್ಷೆ ನ್ಯಾಯಮೂರ್ತಿ ಮೇರಿ ಲಫಾಯ್ ಶಿಕ್ಷಣ ಇಲಾಖೆಯ ಅಸಹಕಾರದಿಂದ ಬೇಸತ್ತು 2003ರಲ್ಲಿ ರಾಜೀನಾಮೆ ಕೊಟ್ಟರು. ಶಾನ್ ರಾಯನ್ ಆ ಜಾಗಕ್ಕೆ ಬಂದರು. ಕ್ರಿಶ್ಚಿಯನ್ ಬ್ರದರ್ಸ್ ಹೂಡಿದ ದಾವೆಯ ನಂತರ, ವರದಿಯಲ್ಲಿ ತಪ್ಪಿತಸ್ಥರ ಹೆಸರು ಬರೆಯುವುದಿಲ್ಲ ಎಂದು ತೀರ್ಮಾನವಾಯಿತು. 2009ರ ಮೇ 20ರಂದು ಐದು ಸಂಪುಟಗಳು, ಸುಮಾರು 2,600 ಪುಟಗಳು. ಗೋಪ್ಯ ಸಮಿತಿಯ ಮುಂದೆ 1,090 ಜನ ಮಾತಾಡಿದ್ದರು. 216 ಸಂಸ್ಥೆಗಳನ್ನು, 800ಕ್ಕೂ ಹೆಚ್ಚು ವ್ಯಕ್ತಿಗಳನ್ನು ಅವರು ಗುರುತಿಸಿದ್ದರು. ಮಾತಾಡಿದವರಲ್ಲಿ ಸುಮಾರು ಮೂರನೇ ಒಂದು ಭಾಗ ಬ್ರಿಟನ್ನಿನಲ್ಲಿ ನೆಲೆಸಿದ್ದವರು. ಹೊಡೆತ, ಹಸಿವು, ಅವಮಾನ ವ್ಯವಸ್ಥೆಯ ಭಾಗವೇ ಆಗಿದ್ದವು. ಹುಡುಗರ ಶಾಲೆಗಳಲ್ಲಿ ಲೈಂಗಿಕ ದೌರ್ಜನ್ಯ ಬೇರುಬಿಟ್ಟಿತ್ತು. ದೂರು ಬಂದ ಬ್ರದರನ್ನು ಇನ್ನೊಂದು ಶಾಲೆಗೆ ವರ್ಗ ಮಾಡಲಾಗುತ್ತಿತ್ತು. ಇಲಾಖೆ ಸಂಘಗಳ ಮುಂದೆ ತಲೆತಗ್ಗಿಸಿ ನಿಂತಿತ್ತು. ಇದು ವರದಿಯ ಸಾರ.

ಇತಿಹಾಸಕಾರರಲ್ಲಿ ಕೆಲವು ವಿಷಯಗಳ ಬಗ್ಗೆ ವಾದ ಮುಗಿದಿಲ್ಲ. 1936ರಿಂದ 1970ರವರೆಗೆ 1,70,000 ಮಕ್ಕಳು ಈ ಶಾಲೆಗಳನ್ನು ಹೊಕ್ಕರು ಎಂದು ವರದಿ ಮೊದಲು ಹೇಳಿತ್ತು. ಆಮೇಲೆ ಅದನ್ನು ತಿದ್ದಿ ಸುಮಾರು 42,000 ಎಂದಿತು. ಹಳೆಯ ಅಂಕಿ ಇನ್ನೂ ಲೇಖನಗಳಲ್ಲಿ ಓಡಾಡುತ್ತಿದೆ. ಎಲ್ಲ ಶಾಲೆಗಳಲ್ಲೂ ಬೆತ್ತ ಆಡುತ್ತಿದ್ದ, ಎಲ್ಲ ಬಡ ಮನೆಗಳಲ್ಲೂ ಹಸಿವಿದ್ದ ಕಾಲವನ್ನು ಇಂದಿನ ಕಣ್ಣಿಂದ ಅಳೆಯಬಾರದು ಎನ್ನುವವರಿದ್ದಾರೆ. ದಯೆ ತೋರಿದ ಸಿಸ್ಟರುಗಳೂ ಬ್ರದರುಗಳೂ ಇದ್ದರೆನ್ನುವುದನ್ನು ಸಾಕ್ಷಿಗಳೇ ಹೇಳಿದ್ದಾರೆ. ಇಯಾನ್ ಒಡೊನೆಲ್ ಮತ್ತು ಓವೆನ್ ಒಸಲಿವನ್ ಎಂಬ ವಿದ್ವಾಂಸರು ಚರ್ಚಿನಾಚೆಗೂ ಬೆರಳು ತೋರಿಸುತ್ತಾರೆ: 1950ರ ದಶಕದ ಆರಂಭದಲ್ಲಿ ಐರ್ಲೆಂಡಿನ ಪ್ರತಿ ನೂರು ಜನರಲ್ಲಿ ಒಬ್ಬರು ಯಾವುದಾದರೊಂದು ಗೋಡೆಯೊಳಗಿದ್ದರು; ಮನೆಯವರು, ವೈದ್ಯರು, ಕೋರ್ಟು, ಪಾದ್ರಿ ಎಲ್ಲರೂ ಸೇರಿ ಕಟ್ಟಿದ ಗೋಡೆ ಅದು. ಈ ಮಾತು ನನಗೆ ಸರಿಯೆನಿಸುತ್ತದೆ. ಆದರೆ ಎಲ್ಲರ ತಪ್ಪು ಎಂದಾಗ ಯಾರದೂ ಅಲ್ಲ ಎಂಬಂತಾಗುವ ಅಪಾಯವೂ ಅದರಲ್ಲಿದೆ. ಹೊಡೆದ ಕೈಗೆ ಒಡೆಯನೊಬ್ಬನಿದ್ದ.

ಪರಿಹಾರದ ಕಥೆಯೂ ನೋವಿನದೇ. ಸರ್ಕಾರದೊಂದಿಗಿನ 2002ರ ಒಪ್ಪಂದದಲ್ಲಿ ಹದಿನೆಂಟು ಸಂಘಗಳು ಒಟ್ಟು 12.8 ಕೋಟಿ ಯೂರೋ ಮೌಲ್ಯದ ಹಣ, ಆಸ್ತಿ ಕೊಡುವುದೆಂದಾಯಿತು. ಒಟ್ಟು ಖರ್ಚು ಸುಮಾರು 150 ಕೋಟಿ ಯೂರೋಗೆ ಹೋಗಿ ಮುಟ್ಟಿತು, ಬಹುಪಾಲು ತೆರಿಗೆ ಕಟ್ಟುವವರ ಮೇಲೆ ಬಿತ್ತು. ಪರಿಹಾರ ಪಡೆದವರು 15,000ಕ್ಕೂ ಹೆಚ್ಚು. ಪ್ರತಿಯೊಬ್ಬರೂ ಪರಿಹಾರ ಮಂಡಳಿಗೆ ತಮ್ಮ ಬಾಲ್ಯವನ್ನು ಮತ್ತೆ ಹೇಳಬೇಕಿತ್ತು, ಗಾಯಕ್ಕೆ ಅಂಕ ಹಾಕಿಸಿಕೊಳ್ಳಬೇಕಿತ್ತು. ಆಮೇಲೆ ಎಷ್ಟು ಸಿಕ್ಕಿತು, ಏಕೆ ಸಿಕ್ಕಿತು ಎಂದು ಬಹಿರಂಗವಾಗಿ ಹೇಳಿದರೆ ಶಿಕ್ಷೆ ಎಂದು ಕಾನೂನು. ಮಾತಾಡಬೇಡ ಎಂದು ಕೇಳುತ್ತ ಬೆಳೆದವರಿಗೆ ಅರವತ್ತರ ವಯಸ್ಸಿನಲ್ಲಿ ಮತ್ತೊಮ್ಮೆ ಅದೇ ಆಜ್ಞೆ. ಫೆರಿಹೌಸ್ ಶಾಲೆಯಲ್ಲಿ ಬೆಳೆದು ಕ್ಲೊನ್ಮೆಲ್ ಪಟ್ಟಣದ ಮೇಯರ್ ಆಗಿದ್ದ ಮೈಕೆಲ್ ಒಬ್ರಿಯನ್ 2009ರ ಮೇ ತಿಂಗಳಲ್ಲಿ ಟೀವಿಯ ಚರ್ಚೆಯೊಂದರಲ್ಲಿ ಎದ್ದು ನಿಂತು, ಆಯೋಗದ ಮುಂದೆ ತನ್ನನ್ನು ಸುಳ್ಳುಗಾರನಂತೆ ಪ್ರಶ್ನಿಸಿದ್ದನ್ನು ನೆನೆದು ಕುದಿದರು. ಮೇಯರ್ ಆದವರು, ಸಂಸಾರ ನಡೆಸಿದವರು, ಊರಿನಲ್ಲಿ ಗೌರವ ಗಳಿಸಿದವರು. ಆ ಕ್ಷಣ ಅವರ ಧ್ವನಿಯಲ್ಲಿ ಮಾತಾಡಿದ್ದು ಎಂಟೋ ಹತ್ತೋ ವರ್ಷದ ಹುಡುಗ.

ಗೆದ್ದು ನಿಂತವರು ಇವರೊಬ್ಬರೇ ಅಲ್ಲ. ಗೋಲ್ಡನ್‌ಬ್ರಿಜ್‌ನಲ್ಲೇ ಬೆಳೆದ ಬರ್ನಡೆಟ್ ಫಾಹಿ ಆಪ್ತ ಸಮಾಲೋಚಕಿಯಾದರು. ಕ್ರಿಸ್ಟೀನ್ ಬಕ್ಲಿ 1999ರಲ್ಲಿ ಡಬ್ಲಿನ್ನಿನಲ್ಲಿ ‘ಆಶ್ಲಿನ್’ ಎಂಬ ಕೇಂದ್ರವನ್ನು ಗೆಳತಿಯೊಂದಿಗೆ ತೆರೆದು, 2014ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿ ದುಡಿದರು. ಓದುಬರಹ ಬಾರದೆ ಹೊರಬಿದ್ದ ಅಜ್ಜ ಅಜ್ಜಿಯರು ಇಂಥ ಕಡೆ ಬಂದು ಅಕ್ಷರ ಕಲಿತರು, ಕಂಪ್ಯೂಟರ್ ಕಲಿತರು. ಹಬ್ಬದ ದಿನ ಹೋಗಲು ಮನೆಯಿಲ್ಲದವರು ಸೇರಿ ಊಟ ಮಾಡಿದರು.

ಲೆಟರ್‌ಫ್ರಾಕಿನ ಕಟ್ಟಡದಲ್ಲಿ ಈಗ ಮರಗೆಲಸ, ಪೀಠೋಪಕರಣ ವಿನ್ಯಾಸ ಕಲಿಸುವ ಕಾಲೇಜಿದೆ. ಶಾಲೆಯ ಜಮೀನಿನ ಒಂದು ಭಾಗ ಕಾನಮಾರಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಚಾರಣಕ್ಕೆ ಬಂದವರು ಅದರ ಮೇಲೆಯೇ ಹತ್ತಿ ಹೋಗುತ್ತಾರೆ. ಹತ್ತಿರದ ಮರಗಳ ನಡುವೆ, ಅಲ್ಲೇ ಸತ್ತ ಹುಡುಗರ ಚಿಕ್ಕ ಸ್ಮಶಾನ. ಡಬ್ಲಿನ್ನಿನ ಪಾರ್ನೆಲ್ ಚೌಕದಲ್ಲಿ ಈ ಮಕ್ಕಳಿಗಾಗಿ ಸ್ಮಾರಕ ಕಟ್ಟಬೇಕೆಂಬ ಯೋಜನೆಗೆ 2013ರಲ್ಲಿ ಪರವಾನಗಿ ಸಿಗಲಿಲ್ಲ. ಸಾಕ್ಷ್ಯದ ಕಡತಗಳನ್ನೆಲ್ಲ 75 ವರ್ಷ ಮುಚ್ಚಿಡುವ ಮಸೂದೆಯೊಂದು 2019ರಲ್ಲಿ ಬಂತು. ಬದುಕುಳಿದವರೂ ಇತಿಹಾಸಕಾರರೂ ವಿರೋಧಿಸಿ, ಅದು ಅಲ್ಲಿಗೇ ನಿಂತಿತು.

ಬದುಕಿರುವವರಿಗೆ ಈಗ ಎಪ್ಪತ್ತು, ಎಂಬತ್ತು. ಮಂಡಿ ನೋವು, ಮರೆವು, ಒಂಟಿತನ. ಮನೆಗೆ ಬರುವ ವೈದ್ಯರು, ಸಮಾಜ ಕಾರ್ಯಕರ್ತರು ವೃದ್ಧಾಶ್ರಮದ ಮಾತೆತ್ತುತ್ತಾರೆ: ಹೊತ್ತಿಗೆ ಸರಿಯಾಗಿ ಊಟ, ನೋಡಿಕೊಳ್ಳಲು ಜನ, ರಾತ್ರಿ ದೀಪ ಆರಿಸುವ ವೇಳೆ. ಕಾಯಿಲೆಯ ಬಗ್ಗೆ ಶಾಂತವಾಗಿ ಮಾತಾಡುತ್ತಿದ್ದ ಮುದುಕರು ಈ ಮಾತು ಬಂದೊಡನೆ ನಡುಗುತ್ತಾರೆ. ಉದ್ದನೆಯ ಕೊಠಡಿ, ಸಾಲು ಹಾಸಿಗೆ, ಗಂಟೆ ಹೊಡೆದಾಗ ಏಳುವುದು. ಹೇಗಾದರೂ ಸರಿ, ನನ್ನದೇ ಬಾಗಿಲಿನ ಒಳಗೆ ಸಾಯಲು ಬಿಡಿ ಎಂದು ಅವರು ಕೇಳಿಕೊಳ್ಳುತ್ತಾರೆ.